ಕ್ಯಾಲೆಂಡರಿನಲ್ಲಿ ನೀಲಿ ಸುತ್ತು

ಮಾಗಡಿ ರಸ್ತೆಯ ಟೋಲ್‌ಗೇಟಿನಲ್ಲಿ ಈಗ ಟೋಲೂ ಇಲ್ಲ, ಗೇಟೂ ಇಲ್ಲ. ಹೆಸರೊಂದು ಮಾತ್ರ ಉಳಿದುಕೊಂಡಿದೆ. ಅಲ್ಲಿಂದ ಪಶ್ಚಿಮಕ್ಕೆ ನಡೆದು ಕಾಮಾಕ್ಷಿಪಾಳ್ಯದ ಗಲ್ಲಿಗಳನ್ನು ಹೊಕ್ಕರೆ ಲೇತ್ ಯಂತ್ರಗಳ ಕರಕರ ಸದ್ದು, ಲೋಹಕ್ಕೆ ಹೊಳಪು ಕೊಡುವ ಅಂಗಡಿಗಳಿಂದ ಬರುವ ಆಮ್ಲದ ಘಾಟು, ಅದರ ನಡುವೆಯೇ ಒಗ್ಗರಣೆಯ ವಾಸನೆ. ಅಂಥದೊಂದು ಗಲ್ಲಿಯ ಕೊನೆಗೆ ಒಂದು ವಠಾರ. ಆರು ಮನೆ, ಎರಡು ಬಚ್ಚಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ಮೂರನೆಯ ಮನೆಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ತೂಗುತ್ತದೆ.

ಈ ಕ್ಯಾಲೆಂಡರಿನ ಪರಿಚಯವನ್ನು ನಮ್ಮ ಕಡೆಯವರಿಗೆ ಹೊಸದಾಗಿ ಮಾಡಿಕೊಡಬೇಕಾದ್ದಿಲ್ಲ. ಸಂಕಷ್ಟಿ, ಏಕಾದಶಿ, ಸರ್ಕಾರಿ ರಜೆ ಎಲ್ಲವೂ ಅದರಲ್ಲಿ ಅಚ್ಚಾಗಿಯೇ ಬರುತ್ತವೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿಯ ಕಂತು ಇವನ್ನು ಮನೆಯವರು ಬರೆದುಕೊಳ್ಳುತ್ತಾರೆ. ಈ ಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಒಂದು ಲೆಕ್ಕವಿದೆ. ಮೂರು ವಾರಕ್ಕೊಮ್ಮೆ ಒಂದು ತಾರೀಖಿನ ಸುತ್ತ ಬಾಲ್‌ಪೆನ್ನಿನಲ್ಲಿ ಎಳೆದ ನೀಲಿ ಸುತ್ತು. ಅಂದು ಏಳನೆಯ ತರಗತಿಯಲ್ಲಿ ಓದುವ ಮಗಳಿಗೆ ಪೆನಿಸಿಲಿನ್ ಇಂಜೆಕ್ಷನ್. ದೀಪಾವಳಿಯಾಗಲಿ, ಪರೀಕ್ಷೆಯಾಗಲಿ, ಸೋದರತ್ತೆಯ ಮಗಳ ಮದುವೆಯಾಗಲಿ, ಸುತ್ತು ಬಿದ್ದ ದಿನ ಸೂಜಿ ಬೀಳಲೇಬೇಕು.

ಆ ವಠಾರದ ಹಿಂದಿನ ಬೀದಿಯಲ್ಲೇ ನನ್ನ ವಾಸ. ಹುಡುಗಿ ನನ್ನನ್ನು ‘ಮಾಮ’ ಎನ್ನುತ್ತಾಳೆ. ಅವಳ ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆಗೆ ಹೋಗುತ್ತಾರೆ. ಹುಡುಗಿಗಿರುವುದು ರುಮ್ಯಾಟಿಕ್ ಹೃದ್ರೋಗ. ಕೀಲುವಾತದ ಜ್ವರ ಬಂದು ಹೋದ ಮೇಲೆ ಹೃದಯದ ಕವಾಟಗಳಲ್ಲಿ ಉಳಿಯುವ ಕಾಯಿಲೆ. ಈ ಒಂದು ವರ್ಷ ಅವರೊಂದಿಗೆ ಆಗಾಗ ಓಡಾಡುತ್ತ, ನಾನು ಹುಟ್ಟಿ ಬೆಳೆದ ಈ ಪಶ್ಚಿಮ ಬೆಂಗಳೂರನ್ನು ಬೇರೆಯದೇ ಒಂದು ದಾರಿಯಿಂದ ನೋಡಿದಂತಾಯಿತು.

ಗಿರಣಿಗಳ ಊರು, ವಠಾರಗಳ ಊರು

ನಗರದ ಈ ದಿಕ್ಕು ಮೊದಲಿನಿಂದಲೂ ದುಡಿಯುವವರದು. ಬಿನ್ನಿ ಮಿಲ್ಲು, ರಾಜಾ ಮಿಲ್ಲು, ಮಿನರ್ವ ಮಿಲ್ಲುಗಳ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳು ಇಲ್ಲಿದ್ದವು. ಮಿನರ್ವ ಮಿಲ್ಲಿನ ಹೆಸರು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕಾನೂನು ಓದುವವರ ಬಾಯಲ್ಲಿ ಇಂದಿಗೂ ಇದೆ. ಮಿಲ್ಲು ಮಾತ್ರ ಇಲ್ಲ. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಾಜಿಯವರ ಹೆಸರಿನಲ್ಲಿ ಬಡಾವಣೆ ಹುಟ್ಟಿತು, ಅದರ ಮಗ್ಗುಲಿಗೇ ಕೈಗಾರಿಕಾ ವಸಾಹತು ಬಂತು. ಆಮೇಲೆ ವಿಜಯನಗರ, ಬಸವೇಶ್ವರನಗರ. ಕೊನೆಗೆ, ಒಂದು ಕಾಲಕ್ಕೆ ಬೇರೆಯೇ ಪುರಸಭೆಯಾಗಿದ್ದ ಕೆಂಗೇರಿ 2007ರಲ್ಲಿ ಬೆಂಗಳೂರಿನೊಳಕ್ಕೆ ಸೇರಿತು.

ಹೊರಗಿನವರು ನೋಡುವುದು ಈ ಬಡಾವಣೆಗಳ ಮುಖ್ಯರಸ್ತೆಗಳನ್ನು. ಡಾ. ರಾಜ್‌ಕುಮಾರ್ ರಸ್ತೆಯ ಚಿನ್ನದಂಗಡಿಗಳು, ಹಾವನೂರು ವೃತ್ತದ ಹೋಟೆಲುಗಳು, ವಿಜಯನಗರದ ಮಾರುತಿ ಮಂದಿರದ ಸಂಜೆಯ ಜನಜಂಗುಳಿ. ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ 20x30 ಸೈಟಿನಲ್ಲಿ ಮೂರಂತಸ್ತು, ಅಂತಸ್ತಿಗೆ ಎರಡೆರಡು ಸಂಸಾರ. ಶ್ರೀರಾಮಪುರ, ಗೋಪಾಲಪುರ, ಕಾಮಾಕ್ಷಿಪಾಳ್ಯ, ಬಾಪೂಜಿನಗರ, ಜಗಜೀವನರಾಂ ನಗರ ಎಲ್ಲ ಕಡೆಯೂ ಇದೇ ಚಿತ್ರ. ಹತ್ತಡಿ ಕೋಣೆಯಲ್ಲಿ ಐದು ಜನ ಸಾಲಾಗಿ ಮಲಗುತ್ತಾರೆ. ಒಬ್ಬರು ಕೆಮ್ಮಿದರೆ ಆ ಕೆಮ್ಮು ಐವರದೂ ಆಗುತ್ತದೆ.

ನಮ್ಮ ಕಾಯಿಲೆಯ ಕಥೆ ಶುರುವಾಗುವುದು ಇಲ್ಲಿಂದಲೇ. ‘ಎ’ ಗುಂಪಿನ ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣು ಮಕ್ಕಳ ಗಂಟಲಿಗೆ ಬರುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳೆಂದರೆ ಅದಕ್ಕೆ ಹೆಚ್ಚು ಇಷ್ಟ. ಗಂಟಲು ನೋವು, ಜ್ವರ, ನುಂಗಲು ಕಷ್ಟ. ನಾಲ್ಕು ದಿನದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಬಹುಪಾಲು ಮಕ್ಕಳಿಗೆ ಕಥೆ ಅಲ್ಲಿಗೇ ಮುಗಿಯಿತು. ಕೆಲವರಲ್ಲಿ ಮಾತ್ರ ಎರಡು ಮೂರು ವಾರ ಬಿಟ್ಟು ಇನ್ನೊಂದು ಆಟ ಆರಂಭವಾಗುತ್ತದೆ. ರೋಗಾಣುವಿನ ವಿರುದ್ಧ ದೇಹ ತಯಾರು ಮಾಡಿದ ಸೈನ್ಯಕ್ಕೆ ಗುರುತು ತಪ್ಪುತ್ತದೆ. ರೋಗಾಣುವಿನ ಮೈಯ ಅಂಶಕ್ಕೂ ಹೃದಯದ ಅಂಶಕ್ಕೂ ಹೋಲಿಕೆ ಇರುವುದರಿಂದ ಅದು ಮನೆಯವರ ಮೇಲೆಯೇ ಕೈಮಾಡುತ್ತದೆ. ಮಂಡಿ ಊದುತ್ತದೆ, ಅದು ಇಳಿಯುವಷ್ಟರಲ್ಲಿ ಪಾದದ ಗಂಟು, ಆಮೇಲೆ ಮೊಣಕೈ. ಕೀಲಿನ ನೋವು ಗುರುತಿಲ್ಲದಂತೆ ಹೋಗಿಬಿಡುತ್ತದೆ, ಹೃದಯಕ್ಕಾದ ಗಾಯ ಉಳಿಯುತ್ತದೆ. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರ ಎಂದು ಹಳೆಯ ವೈದ್ಯರು ಹೇಳುತ್ತಿದ್ದುದು ಇದನ್ನೇ.

ಕೆಲವು ಮಕ್ಕಳಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣಿಸಿಕೊಳ್ಳುತ್ತದೆ. ಕೈಕಾಲು ಹೇಳಿದ ಮಾತು ಕೇಳದೆ ಅದರುತ್ತವೆ, ಲೋಟ ಕೈಜಾರುತ್ತದೆ, ದುಂಡಗಿದ್ದ ಅಕ್ಷರ ಕೆಟ್ಟುಹೋಗುತ್ತದೆ. ಮನೆಯಲ್ಲಿ ಬೈಗುಳ, ಶಾಲೆಯಲ್ಲಿ ಏಟು. ಅದೂ ಇದೇ ಜ್ವರದ ಒಂದು ಮುಖವೆಂದು ಗೊತ್ತಾಗುವ ಹೊತ್ತಿಗೆ ಮಗು ಸಾಕಷ್ಟು ಅತ್ತಿರುತ್ತದೆ.

ನಮ್ಮ ಹುಡುಗಿಗೆ ಒಂಬತ್ತರ ವಯಸ್ಸಿನಲ್ಲಿ ಮಂಡಿ ಊದಿತು. ಬೆಳೆಯುವ ವಯಸ್ಸಿನ ನೋವು ಎಂದರು ಅಕ್ಕಪಕ್ಕದವರು. ಅಜ್ಜಿ ಎಣ್ಣೆ ಕಾಯಿಸಿ ತಿಕ್ಕಿದರು, ದೃಷ್ಟಿ ತೆಗೆದರು. ಮೆಡಿಕಲ್ ಸ್ಟೋರಿನವರು ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಎಲ್ಲರೂ ಮರೆತರು. ಮರುವರ್ಷ ಶಾಲೆಯ ಎರಡನೆಯ ಮಹಡಿ ಹತ್ತುವಾಗ ನಡುವೆ ನಿಂತು ಉಸಿರು ಎಳೆದುಕೊಳ್ಳತೊಡಗಿದಾಗಲೇ ತಾಯಿಗೆ ಗಾಬರಿಯಾದದ್ದು.

ಬಾಗಿಲಿನ ಕೀಲು

ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಮೈಟ್ರಲ್ ಕವಾಟವಿದೆ. ಎರಡು ರೆಕ್ಕೆಯ ಬಾಗಿಲು ಎಂದುಕೊಳ್ಳಿ. ಜ್ವರ ಬಂದು ಹೋದ ಮೇಲೆ ಈ ರೆಕ್ಕೆಗಳು ದಪ್ಪಗಾಗಿ ಕಲೆಗಟ್ಟುತ್ತವೆ. ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರುತ್ತದೆ. ಅಂಚುಗಳು ಅಂಟಿಕೊಂಡು ಸರಿಯಾಗಿ ತೆರೆಯದಿದ್ದರೆ ಮುಂದಕ್ಕೆ ಹರಿಯುವುದಿಲ್ಲ. ಹೀಗೆ ಕಿರಿದಾಗುವುದಕ್ಕೆ ಬೇರೆ ದೇಶಗಳಲ್ಲಿ ದಶಕಗಳೇ ಹಿಡಿಯುತ್ತಿದ್ದರೆ ನಮ್ಮ ದೇಶದಲ್ಲಿ ಇಪ್ಪತ್ತು ತುಂಬದ ಮಕ್ಕಳಲ್ಲೇ ಆಗಿಬಿಡುತ್ತದೆಂಬುದನ್ನು ದೆಹಲಿಯ ಡಾ. ಎಸ್.ಬಿ. ರಾಯ್ ಮತ್ತು ಸಂಗಡಿಗರು 1963ರಲ್ಲೇ ಬರೆದು ಜಗತ್ತಿನ ಗಮನಕ್ಕೆ ತಂದಿದ್ದರು.

ಕೆಡುವ ವೇಗ ಹೆಚ್ಚುವುದು ಜ್ವರ ಮತ್ತೆ ಮತ್ತೆ ಮರುಕಳಿಸುವುದರಿಂದ. ಪ್ರತಿ ಸಲ ಗಂಟಲಿಗೆ ಆ ರೋಗಾಣು ಬಂದಾಗಲೂ ಹಳೆಯ ಗಾಯದ ಮೇಲೆ ಹೊಸ ಗಾಯ. ಆದ್ದರಿಂದ ರೋಗಾಣು ಗಂಟಲಲ್ಲಿ ಕಾಲೂರದಂತೆ ಮೈಯಲ್ಲಿ ಸದಾ ಸ್ವಲ್ಪ ಪೆನಿಸಿಲಿನ್ ಇರುವಂತೆ ನೋಡಿಕೊಳ್ಳಬೇಕು. ಬೆಂಜಥೀನ್ ಪೆನಿಸಿಲಿನ್ ಎಂಬ ಇಂಜೆಕ್ಷನ್ನಿನ ಕೆಲಸ ಅದೇ. ಸೊಂಟದ ಕೆಳಗಿನ ಸ್ನಾಯುವಿನಲ್ಲಿ ಕುಳಿತು ಮೂರು ವಾರ ಕಾಲ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. 27 ಕಿಲೋಗಿಂತ ಹೆಚ್ಚು ತೂಕದ ಮಕ್ಕಳಿಗೆ 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್ಟು. ಹೃದಯಕ್ಕೆ ಏನೂ ಆಗಿಲ್ಲದಿದ್ದರೆ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಹೆಚ್ಚೋ ಅದು. ಹೃದಯಕ್ಕೆ ತಗುಲಿದ್ದರೆ 25ರವರೆಗೆ. ಕವಾಟ ಬಹಳ ಕೆಟ್ಟಿದ್ದರೆ 40ರವರೆಗೆ, ಇಲ್ಲವೇ ಜೀವನಪರ್ಯಂತ.

ಹತ್ತನೆಯ ವಯಸ್ಸಿನಲ್ಲಿ ಆರಂಭಿಸಿ ಇಪ್ಪತ್ತೈದರವರೆಗೆ ಎಂದರೆ ಎಷ್ಟು ಸೂಜಿ? ಇದನ್ನು ಲೆಕ್ಕ ಹಾಕಿದ್ದು ಹುಡುಗಿಯೇ. ‘ವರ್ಷಕ್ಕೆ ಹದಿನೇಳೂಚಿಲ್ಲರೆ ಮಾಮ. ಹದಿನೈದು ವರ್ಷಕ್ಕೆ ಇನ್ನೂರ ಅರವತ್ತು. ಗಣಿತದ ಮಿಸ್ಸಿಗೂ ತೋರಿಸ್ದೆ, ಕರೆಕ್ಟ್ ಅಂದ್ರು.’

ಸೋಮವಾರದ ಪಾಡು

ಆ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. 21 ದಿನ ಎಂದರೆ ಸರಿಯಾಗಿ ಮೂರು ವಾರ. ಹಾಗಾಗಿ ಸೂಜಿ ಬೀಳುವ ವಾರ ಎಂದಿಗೂ ಬದಲಾಗುವುದಿಲ್ಲ. ಮೊದಲ ಇಂಜೆಕ್ಷನ್ ಸೋಮವಾರ ಬಿತ್ತು, ಆದ್ದರಿಂದ ಎಲ್ಲವೂ ಸೋಮವಾರವೇ. ಅವಳಿಗೆ ತಪ್ಪುವುದು ಯಾವಾಗಲೂ ಸೋಮವಾರದ ಪಾಠಗಳೇ. ತಾಯಿಗೆ ಮುರಿಯುವುದು ಸೋಮವಾರದ ಕೂಲಿಯೇ. ‘ಮೂರು ವಾರಕ್ಕೊಂದ್ಸಲ ಸೋಮವಾರ ಬರಲ್ಲ ಅಂದ್ರೆ ಸೂಪರ್‌ವೈಸರ್ ಮುಖ ನೋಡೋಕಾಗಲ್ಲ ಅಣ್ಣಾ. ಭಾನುವಾರದ ಜೊತೆ ಸೇರಿಸ್ಕೊಂಡು ಊರಿಗೆ ಹೋಗ್ತಾಳೆ ಅಂದ್ಕೊಂಡಿದಾರೆ’ ಎಂದರು ಒಮ್ಮೆ.

ಆರಂಭದಲ್ಲಿ ಹತ್ತಿರದ ಖಾಸಗಿ ಕ್ಲಿನಿಕ್ಕಿನಲ್ಲೇ ಹಾಕಿಸಿಕೊಳ್ಳಬಹುದೆಂದು ಆಸೆಪಟ್ಟಿದ್ದರು. ಮೂರು ಕಡೆ ಕೇಳಿದರು, ಮೂರು ಕಡೆಯೂ ಆಗುವುದಿಲ್ಲವೆಂದರು. ಪೆನಿಸಿಲಿನ್ ಎಂದರೆ ಹಲವು ವೈದ್ಯರಿಗೆ ಒಳಗೇ ಭಯ. ಒಗ್ಗದೆ ಹೋಗಿ ಮಗು ಕುಸಿದುಬಿದ್ದರೆ ಬಾಗಿಲಲ್ಲಿ ಜನ ಸೇರುತ್ತಾರಲ್ಲ ಎಂಬ ಅಂಜಿಕೆ. ಅಂಥ ತೀವ್ರ ಅಲರ್ಜಿ ಬಹಳ ಅಪರೂಪ. ಮೊದಲು ಚರ್ಮದಲ್ಲಿ ಪರೀಕ್ಷೆ ಮಾಡಿ, ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಂಡು, ಸೂಜಿಯ ನಂತರ ಅರ್ಧ ಗಂಟೆ ಮಗುವನ್ನು ಕೂರಿಸಿ ನೋಡಿಕೊಂಡರೆ ನಿಭಾಯಿಸಬಹುದಾದದ್ದು. ಕವಾಟ ಬಹಳ ಕೆಟ್ಟು ಹೃದಯ ಸೋತಿರುವ ರೋಗಿಗಳಿಗೆ ಮಾತ್ರ ಇಂಜೆಕ್ಷನ್ ಬದಲು ಮಾತ್ರೆ ವಾಸಿ ಎಂದು ಅಮೆರಿಕದ ಹೃದ್ರೋಗ ಸಂಸ್ಥೆ 2022ರಲ್ಲಿ ಸಲಹೆ ಕೊಟ್ಟಿದೆ. ಉಳಿದವರಿಗೆ ಇಂದಿಗೂ ಇಂಜೆಕ್ಷನ್ನೇ ನಂಬಿಕೆಯ ದಾರಿ.

ಕೊನೆಗೆ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಗತಿಯಾಯಿತು. ಬೆಳಗ್ಗೆ ಏಳಕ್ಕೆ ಹೊರಟರೆ ಚೀಟಿ, ಸಾಲು, ಮತ್ತೆ ಸಾಲು. ಔಷಧಿ ದಪ್ಪಗೆ ಮೊಸರಿನಂತಿರುತ್ತದೆ, ಸೂಜಿಯೂ ದಪ್ಪವೇ ಬೇಕು. ತಣ್ಣಗೆ ಚುಚ್ಚಿದರೆ ಉರಿ ಹೆಚ್ಚು, ಅವಸರದಲ್ಲಿ ಒತ್ತಿದರೆ ಇನ್ನೂ ಹೆಚ್ಚು. ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಮಗುವಿನೊಂದಿಗೆ ಮಾತಾಡುತ್ತಾ ನಿಧಾನವಾಗಿ ಕೊಡುವ ನರ್ಸ್ ಒಬ್ಬರು ಅಲ್ಲಿದ್ದಾರೆ. ಅವರ ಡ್ಯೂಟಿ ಇದೆಯೆಂದು ತಿಳಿದರೆ ಹುಡುಗಿಯ ನಡಿಗೆಯೇ ಬೇರೆ. ಆ ನರ್ಸ್ ಮಾಡುವುದಕ್ಕೆ ಹೊಸ ಯಂತ್ರ ಬೇಕಾಗಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಎರಡು ನಿಮಿಷ ಹೆಚ್ಚು ಬೇಕು, ಅಷ್ಟೆ.

ಇಬ್ಬರ ಎರಡು ಉತ್ತರ

ಆರು ತಿಂಗಳಿಗೊಮ್ಮೆ ಎಕೋ ಪರೀಕ್ಷೆಗೆಂದು ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಬೇಕು. ಮೊದಲು ಎರಡು ಬಸ್ಸು ಬದಲಿಸಿ ಅರ್ಧ ದಿನ ಹಿಡಿಯುತ್ತಿದ್ದ ದಾರಿ ಇದು. ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾದರೆ ಎರಡನೆಯ ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ. ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡು ಮಾಗಡಿ ರಸ್ತೆಯ ತಾರಸಿಗಳನ್ನು ನೋಡುತ್ತಿದ್ದಳು. ಸಿಂಟೆಕ್ಸ್ ಟ್ಯಾಂಕು, ಒಣಹಾಕಿದ ಸಂಡಿಗೆ, ಪಾರಿವಾಳದ ಗೂಡು.

ಇಂಥ ಮಕ್ಕಳ ಬದುಕು ಹೇಗಿದೆಯೆಂದು ಅಳೆಯಲು ವೈದ್ಯರು ಒಂದು ಪ್ರಶ್ನಾವಳಿ ಬಳಸುತ್ತಾರೆ. ಅಮೆರಿಕದ ಜೇಮ್ಸ್ ವಾರ್ನಿ ಎಂಬವರು ರೂಪಿಸಿದ್ದು, ಹೆಸರು ಪೆಡ್ಸ್‌ಕ್ಯೂಎಲ್. ಒಟ್ಟು 23 ಪ್ರಶ್ನೆ, ನಾಲ್ಕು ಭಾಗ: ದೇಹದ ಶಕ್ತಿ, ಮನಸ್ಸಿನ ಸ್ಥಿತಿ, ಗೆಳೆತನ, ಶಾಲೆ. ನಡೆಯುವುದು ಓಡುವುದು ಕಷ್ಟವೇ, ಭಯವಾಗುತ್ತದೆಯೇ, ನಿದ್ದೆ ಬರುತ್ತದೆಯೇ, ಬೇರೆ ಮಕ್ಕಳು ಛೇಡಿಸುತ್ತಾರೆಯೇ, ಆಸ್ಪತ್ರೆಗಾಗಿ ಶಾಲೆ ತಪ್ಪುತ್ತದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಇದರ ಜಾಣತನವಿರುವುದು ಮಗುವನ್ನೂ ಹೆತ್ತವರನ್ನೂ ಬೇರೆ ಬೇರೆಯಾಗಿ ಕೇಳುವುದರಲ್ಲಿ. ಮಗುವಿನ ಕಷ್ಟ ತಮಗೆ ಪೂರ್ತಿ ಗೊತ್ತೆಂದು ನಂಬಿರುವ ತಾಯಿತಂದೆಯರ ಉತ್ತರಕ್ಕೂ ಮಗುವಿನ ಉತ್ತರಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ನಾನೇನೂ ವೈದ್ಯನಲ್ಲ. ಆದರೂ ಕಾಯುವ ಸಾಲಿನಲ್ಲಿ ತಾಯಿ ಚೀಟಿ ಮಾಡಿಸಲು ಹೋದಾಗ ಹುಡುಗಿಯನ್ನು ಸುಮ್ಮನೆ ಕೇಳಿದೆ: ‘ಈ ಕಾಯಿಲೆಯಲ್ಲಿ ನಿಂಗೆ ಎಲ್ಲಕ್ಕಿಂತ ಬೇಜಾರು ಯಾವುದು?’ ಸೂಜಿ ಎನ್ನುತ್ತಾಳೆಂದುಕೊಂಡಿದ್ದೆ. ‘ಪಿ.ಟಿ. ಪೀರಿಯಡ್ಡಲ್ಲಿ ಬೆಂಚು’ ಎಂದಳು. ಎಲ್ಲರೂ ಖೊ ಖೊ ಆಡುವಾಗ ಇವಳನ್ನು ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕೂರಿಸುತ್ತಾರೆ. ಎಲ್ಲರ ನೀರಿನ ಬಾಟಲಿ, ಕೈಗಡಿಯಾರ ಕಾಯುವುದು ಇವಳ ಕೆಲಸ. ‘ಹಾರ್ಟ್ ಪೇಷೆಂಟ್ ಹತ್ರ ಕೊಡ್ರೇ ಅಂತಾರೆ ಮಾಮ.’ ಅದನ್ನು ಹೇಳುವಾಗ ಅವಳು ಅಳಲಿಲ್ಲ. ಚಪ್ಪಲಿಯ ಬಾರನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು.

ತಾಯಿಯನ್ನು ಬೇರೆಯಾಗಿ ಕೇಳಿದೆ. ಅವರ ಉತ್ತರ ಬೇರೆಯೇ ಇತ್ತು. ‘ನಾಳೆ ಮದುವೆ ಮಾಡ್ಬೇಕಾದ್ರೆ ಏನ್ ಹೇಳ್ಲಿ ಅಣ್ಣಾ? ಮುಚ್ಚಿಟ್ರೆ ತಪ್ಪು, ಹೇಳಿದ್ರೆ ಯಾರು ಬರ್ತಾರೆ?’ ಹನ್ನೆರಡು ವರ್ಷದ ಮಗಳ ಆಟದ ಬಯಲು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದಕ್ಕೆ ಅವರನ್ನು ದೂರುವುದೂ ಸರಿಯಲ್ಲ. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸಿನ ಬಸ್ಸು ಹತ್ತುವವರಿಗೆ ಶಾಲೆಯ ಬಯಲು ಕಾಣಿಸುವುದಾದರೂ ಯಾವಾಗ?

ಎಕೋ ಮಾಡಿದ ವೈದ್ಯರು ಕವಾಟದ ಸೋರಿಕೆ ಹಿಂದಿನಷ್ಟೇ ಇದೆ, ಹೆಚ್ಚಿಲ್ಲ ಎಂದರು. ಅದು ಸಣ್ಣ ಪ್ರಮಾಣದ ಸೋರಿಕೆ. ಆಗ ಹುಡುಗಿಯೇ ಧೈರ್ಯ ಮಾಡಿ ಕೇಳಿದಳು, ‘ಸಾರ್, ಖೊ ಖೊ ಆಡ್ಬಹುದಾ?’ ವೈದ್ಯರಿಗೆ ಆಶ್ಚರ್ಯ. ‘ಆಡಬೇಡ ಅಂತ ಯಾರು ಹೇಳಿದ್ದು?’ ಯಾರೂ ಹೇಳಿರಲಿಲ್ಲ. ಹೃದಯ ಎಂಬ ಶಬ್ದ ಕೇಳಿ ಶಾಲೆ ಹೆದರಿತ್ತು, ಶಾಲೆ ಹೆದರಿತೆಂದು ಮನೆಯೂ ಹೆದರಿತ್ತು. ಕವಾಟ ತೀರಾ ಕೆಟ್ಟಿರುವ ಮಕ್ಕಳಿಗೆ ಆಟದ ಮೇಲೆ ಕಡಿವಾಣ ಬೇಕೇ ಬೇಕು. ಅಲ್ಪ ತೊಂದರೆ ಇರುವವರನ್ನೂ ಅದೇ ಬೆಂಚಿನಲ್ಲಿ ಕೂರಿಸಿದರೆ, ಕಾಯಿಲೆ ಕಸಿಯದಿದ್ದುದನ್ನು ನಾವೇ ಕಸಿದುಕೊಂಡಂತೆ. ವೈದ್ಯರು ಚೀಟಿಯ ಹಿಂದೆ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟರು.

ಕೆಂಗೇರಿಯ ಟಿಕ್ ಟಿಕ್

ಮುಂದಿನ ಭಾನುವಾರ ತಾಯಿಮಗಳನ್ನು ಕರೆದುಕೊಂಡು ಕೆಂಗೇರಿ ಉಪನಗರಕ್ಕೆ ಹೋದೆ. ಅಲ್ಲಿ ನನಗೆ ಪರಿಚಯದ ಸಂಸಾರವೊಂದಿದೆ. ಮನೆಯಾಕೆಗೆ ಈಗ ಮೂವತ್ತರ ಆಸುಪಾಸು. ಹದಿನಾಲ್ಕರಲ್ಲಿ ಆಕೆಯ ಮೈಟ್ರಲ್ ಕವಾಟವನ್ನೇ ಬದಲಿಸಬೇಕಾಗಿ ಬಂದಿತ್ತು. ತಾಯಿಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆಕೆಯೇ ಎಂದು ನನಗೆ ಅನಿಸಿತ್ತು.

ಮೈಸೂರು ರಸ್ತೆಯವರೆಗೆ 2015ರಲ್ಲಿ ಬಂದ ಮೆಟ್ರೋ ಕೆಂಗೇರಿ ಮುಟ್ಟಿದ್ದು 2021ರಲ್ಲಿ. ಅತ್ತಿಗುಪ್ಪೆ, ದೀಪಾಂಜಲಿನಗರ ದಾಟಿದರೆ ಪಕ್ಕದಲ್ಲಿ ವೃಷಭಾವತಿ. ಹೆಸರಿಗೆ ನದಿ, ಹರಿಯುವುದು ಊರಿನ ಕೊಳೆ. ರೈಲಿನ ಗಾಜು ಮುಚ್ಚಿರುವುದರಿಂದ ವಾಸನೆ ಬರುವುದಿಲ್ಲ, ನೊರೆ ಕಾಣಿಸುತ್ತದೆ. ಜ್ಞಾನಭಾರತಿಯ ಮರಗಳು ಬಂದಾಗ ಕಣ್ಣಿಗೆ ಸ್ವಲ್ಪ ತಂಪು. ಹುಡುಗಿ ಪ್ರತಿ ನಿಲ್ದಾಣದ ಹೆಸರನ್ನೂ ಜೋರಾಗಿ ಓದುತ್ತಿದ್ದಳು.

ಆ ಮನೆಯಲ್ಲಿ ಕಾಫಿ ಕುಡಿದ ಮೇಲೆ ಆಕೆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ‘ಸದ್ದು ಮಾಡ್ಬೇಡ, ಕೇಳಿಸ್ಕೊ’ ಎಂದರು. ಫ್ಯಾನು ಆರಿಸಿದರು. ಟಿಕ್, ಟಿಕ್, ಟಿಕ್. ಕೈಗಡಿಯಾರದ ಸದ್ದಿನಂತೆ ಎದೆಯೊಳಗಿಂದ ಬರುತ್ತಿತ್ತು. ಲೋಹದ ಚೌಕಟ್ಟಿನಲ್ಲಿ ಬಿಲ್ಲೆಯೊಂದು ತೆರೆದು ಮುಚ್ಚುವ ಸದ್ದು. ಆಕೆಗೆ ಹಾಕಿರುವುದು ನಮ್ಮ ದೇಶದ್ದೇ ಕವಾಟ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ಮುಂದಾಳ್ತನದಲ್ಲಿ ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಆ ಕವಾಟವನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಿದ್ದು 1990ರ ಡಿಸೆಂಬರಿನಲ್ಲಿ. ಆಮದಿನ ಕವಾಟದ ಬೆಲೆ ಕೇಳಿಯೇ ಮನೆಗೆ ಮರಳುತ್ತಿದ್ದ ಅದೆಷ್ಟೋ ಬಡವರಿಗೆ ಅದು ಜೀವ ಕೊಟ್ಟಿದೆ. ‘ಮೊದಮೊದಲು ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಈಗ ಈ ಸದ್ದು ಕೇಳಿಸ್ದೆ ಇದ್ರೆ ಭಯ ಆಗುತ್ತೆ’ ಎಂದು ಆಕೆ ನಕ್ಕರು.

ನಗುವಿನ ಹಿಂದಿನ ಲೆಕ್ಕವನ್ನೂ ಮುಚ್ಚಿಡಲಿಲ್ಲ. ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಮಾತ್ರೆ ನುಂಗಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆಗಾಗ ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ಹೊಂದಿಸಬೇಕು. ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಮಾತ್ರೆಯ ಶಕ್ತಿಯನ್ನು ತಗ್ಗಿಸುವುದರಿಂದ, ಒಂದು ದಿನ ಬಟ್ಟಲು ತುಂಬ ಬಸ್ಸಾರು, ವಾರವೆಲ್ಲ ಬರಿಯ ತಿಳಿಸಾರು ಎಂದರೆ ಆಗದು. ಸೊಪ್ಪು ಬಿಡಬೇಕಿಲ್ಲ, ತಿನ್ನುವುದು ಒಂದೇ ಸಮ ಇರಬೇಕು. ಈ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ತರಬಲ್ಲದಾದ್ದರಿಂದ ಬಸಿರನ್ನು ವೈದ್ಯರೊಂದಿಗೆ ಮಾತಾಡಿಯೇ ಯೋಜಿಸಬೇಕು. ಆಕೆಯ ಗಂಡನಿಗೆ ಇದೆಲ್ಲ ನಿಶ್ಚಿತಾರ್ಥಕ್ಕೆ ಮೊದಲೇ ಗೊತ್ತಿತ್ತು. ಅದಕ್ಕೂ ಮೊದಲು ಎರಡು ಸಂಬಂಧ ವಿಷಯ ತಿಳಿದ ಮೇಲೆ ತಪ್ಪಿಹೋಗಿದ್ದವು. ‘ತಪ್ಪಿದ್ದೇ ಒಳ್ಳೇದಾಯ್ತು ಅಕ್ಕಾ’ ಎಂದರು ಆಕೆ ತಾಯಿಯ ಕಡೆ ತಿರುಗಿ. ‘ಆದ್ರೆ ನಿಮ್ಮ ಮಗಳಿಗೆ ಇದೆಲ್ಲ ಬರ್ದೇ ಇರೋ ಹಾಗೆ ಮಾಡೋದು ನಿಮ್ಮ ಕೈಲೇ ಇದೆ. ನಂಗೆ ಆಗ ಮೂರು ವಾರದ ಇಂಜೆಕ್ಷನ್ ವಿಷಯ ಹೇಳಿದ್ರು. ಒಂದು ವರ್ಷ ಹಾಕಿಸ್ಕೊಂಡು, ಮೈ ಹುಷಾರಾಯ್ತು ಅಂತ ಬಿಟ್ಬಿಟ್ವಿ.’

ಮರಳುವಾಗ ರೈಲಿನಲ್ಲಿ ತಾಯಿ ಬಹಳ ಹೊತ್ತು ಮಾತಾಡಲಿಲ್ಲ.

ಅಗ್ಗದ ಮದ್ದು, ದುಬಾರಿ ಮರೆವು

ಕವಾಟ ಕಿರಿದಾದವರಿಗೆ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅದನ್ನು ಅಗಲಿಸುವ ಚಿಕಿತ್ಸೆ ಇದೆ. ಜಪಾನಿನ ಕಾಂಜಿ ಇನೋಯೆ 1980ರ ದಶಕದಲ್ಲಿ ಕಂಡುಹಿಡಿದದ್ದು. ಈ ಬಲೂನ್ ಚಿಕಿತ್ಸೆಯಲ್ಲಿ ನಮ್ಮ ಜಯದೇವ ಸಂಸ್ಥೆ ದೇಶದಲ್ಲೇ ಹೆಸರಾಗಿದೆ. ಹೆಮ್ಮೆಪಡಬೇಕಾದ ಮಾತೇ. ಆದರೆ ಇಷ್ಟು ಬಲೂನುಗಳು ಬೇಕಾಗುತ್ತಿವೆ ಎಂಬುದರಲ್ಲಿ ಇನ್ನೊಂದು ಮಾತೂ ಇದೆ. ಅಷ್ಟು ಮಕ್ಕಳಿಗೆ ಹಿಂದೆ ಯಾವಾಗಲೋ ಸಿಗಬೇಕಾಗಿದ್ದ ಅಗ್ಗದ ಔಷಧಿ ಸಿಗಲಿಲ್ಲ.

ಕಾಯಿಲೆ ಕಣ್ಣಿಗೆ ಬೀಳದಿರುವುದೂ ಒಂದು ಕಾರಣ. ಕಾಂಬೋಡಿಯ, ಮೊಜಾಂಬಿಕ್ ದೇಶಗಳ ಶಾಲೆಗಳಲ್ಲಿ ಸ್ಟೆತಾಸ್ಕೋಪಿನ ಬದಲು ಎಕೋ ಬಳಸಿ ನೋಡಿದಾಗ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳು ಸಿಕ್ಕರೆಂದು 2007ರಲ್ಲಿ ವರದಿಯಾಯಿತು. ದೆಹಲಿ ಬಳಿಯ ಬಲ್ಲಭಗಢದಲ್ಲಿ ಎಕೋ ಮಾಡಿದಾಗ ಸಾವಿರಕ್ಕೆ ಸುಮಾರು 20 ಮಕ್ಕಳಲ್ಲಿ ಸುಳಿವು ಸಿಕ್ಕಿತು. ಹಾಗೆ ಸಿಕ್ಕವರಿಗೆ ಇಂಜೆಕ್ಷನ್ ಕೊಟ್ಟರೆ ಉಪಯೋಗವಿದೆಯೇ? ಉಗಾಂಡದಲ್ಲಿ 818 ಮಕ್ಕಳ ಮೇಲೆ ಎರಡು ವರ್ಷ ಪರೀಕ್ಷಿಸಿ ನೋಡಿದರು. ಇಂಜೆಕ್ಷನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಪಡೆಯದವರಲ್ಲಿ ನೂರಕ್ಕೆ ಎಂಟು. 2018ರಲ್ಲಿ ವಿಶ್ವ ಆರೋಗ್ಯ ಅಧಿವೇಶನ ಈ ಕಾಯಿಲೆಯ ಬಗ್ಗೆಯೇ ನಿರ್ಣಯ ಮಾಡಿತು. ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಜನರಿಗೆ ಇದು ಇದೆಯೆಂಬುದು ಅಂದಾಜು.

ಯುರೋಪು, ಅಮೆರಿಕಗಳಲ್ಲಿ ಪೆನಿಸಿಲಿನ್ ಬರುವ ಮೊದಲೇ ಈ ಜ್ವರ ಇಳಿಮುಖವಾಗಿತ್ತು. ಒಳ್ಳೆಯ ಮನೆ, ಒಬ್ಬೊಬ್ಬರಿಗೆ ಸಾಕಷ್ಟು ಜಾಗ, ಒಳ್ಳೆಯ ಊಟ ಇವು ಅದರ ಮೊದಲ ಔಷಧಿಗಳು. ಇಂದಿಗೂ ಮಾವೊರಿ ಮಕ್ಕಳಲ್ಲಿ ಈ ಕಾಯಿಲೆ ಕಾಣುವ ನ್ಯೂಜಿಲೆಂಡಿನಲ್ಲಿ, ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಸಂಸಾರಗಳ ಮನೆಗಳನ್ನು ಸರಿಪಡಿಸುವ ಯೋಜನೆಯನ್ನು ಸರ್ಕಾರ 2013ರಲ್ಲಿ ಶುರುಮಾಡಿತು. ಅಲ್ಲಿ ಮನೆಯೂ ಹೃದ್ರೋಗದ ಚಿಕಿತ್ಸೆಗೆ ಸೇರಿತು. ಇದನ್ನು ಓದಿದಾಗ ನನಗೆ ನಮ್ಮ ವಠಾರದ ಹತ್ತಡಿ ಕೋಣೆ ನೆನಪಾಯಿತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲಾಮಕ್ಕಳಲ್ಲಿ ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ರುಮ್ಯಾಟಿಕ್ ಹೃದ್ರೋಗ ಸೇರಿದೆ. ಬಡಾವಣೆ ಬಡಾವಣೆಗೂ ನಮ್ಮ ಕ್ಲಿನಿಕ್‌ಗಳು ಬಂದಿವೆ. ಹುಡುಕಿದ ಮಗುವಿಗೆ ಮೂರು ವಾರಕ್ಕೊಮ್ಮೆ, ಮನೆಯ ಹತ್ತಿರವೇ, ತರಬೇತಿಯಾದ ನರ್ಸಿನ ಕೈಯಲ್ಲಿ ಸೂಜಿ ಸಿಗುವಂತಾದರೆ ತಾಯಿಯ ಕೂಲಿಯೂ ಉಳಿಯುತ್ತದೆ, ಮಗುವಿನ ಪಾಠವೂ ಉಳಿಯುತ್ತದೆ. ಮದ್ದಿನ ಸರಬರಾಜು ಆಗಾಗ ಕೈಕೊಡುವುದು ಇನ್ನೊಂದು ತೊಡಕು. ಇದರ ಮೂಲವಸ್ತುವನ್ನು ತಯಾರಿಸುವ ಕಾರ್ಖಾನೆಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಲಾಭ ಕಡಿಮೆಯಾದ ಮದ್ದಿಗೆ ಮುಂದೆ ಬರುವವರು ಕಡಿಮೆ. ಇದೇ ಪಶ್ಚಿಮ ಬೆಂಗಳೂರಿನ ಪೀಣ್ಯದಲ್ಲಿ ಜೀವರಕ್ಷಕ ಔಷಧಿಗಳಿಗೆಂದೇ 1981ರಲ್ಲಿ ಹುಟ್ಟಿದ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಇದೆ. ಅಗ್ಗದ ಮದ್ದು ತಪ್ಪದೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸವೆಂದು ಒಂದು ಕಾಲಕ್ಕೆ ನಾವು ನಂಬಿದ್ದೆವು ಎನ್ನುವುದಕ್ಕೆ ಅದು ಸಾಕ್ಷಿ.

ಹೆತ್ತವರಿಗೆ ಹೇಳುವ ಮಾತೂ ಒಂದಿದೆ. ಎಲ್ಲ ಗಂಟಲು ನೋವೂ ಇದಲ್ಲ. ಮೂಗು ಸೋರುತ್ತ ಕೆಮ್ಮಿನೊಂದಿಗೆ ಬರುವುದು ಬಹುಪಾಲು ವೈರಸ್ಸಿನದು. ಕೆಮ್ಮಿಲ್ಲದೆ ಜ್ವರ, ಗಂಟಲು ಕೆಂಪು, ಕತ್ತಿನಲ್ಲಿ ನೋಯುವ ಗಂಟು ಇದ್ದರೆ ವೈದ್ಯರಿಗೆ ತೋರಿಸಿ. ಹತ್ತು ದಿನದ ಮಾತ್ರೆ ಬರೆದುಕೊಟ್ಟರೆ ಹತ್ತು ದಿನವೂ ಕೊಡಿ. ಮಗುವಿನ ಕೀಲುನೋವು ಒಂದೆಡೆಯಿಂದ ಇನ್ನೊಂದೆಡೆಗೆ ಹಾರುತ್ತಿದ್ದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ.

ಹೊಸ ವರ್ಷದ ಕ್ಯಾಲೆಂಡರು

ವೈದ್ಯರ ಚೀಟಿಯನ್ನು ತಾಯಿ ಶಾಲೆಗೆ ಒಯ್ದು ಕೊಟ್ಟರು. ಪಿ.ಟಿ. ಮೇಷ್ಟ್ರು ಎರಡು ಸಲ ಓದಿದರಂತೆ. ‘ಸುಸ್ತಾದ್ರೆ ನೀನೇ ಬಂದು ಹೇಳ್ಬೇಕು’ ಎಂಬ ಕರಾರಿನ ಮೇಲೆ ಹುಡುಗಿಯನ್ನು ಬಯಲಿಗೆ ಬಿಟ್ಟರು. ನೀರಿನ ಬಾಟಲಿಗಳು ಈಗ ಬೆಂಚಿನ ಮೇಲೆ ತಾವಾಗಿಯೇ ಕುಳಿತಿರುತ್ತವೆ.

ಸೋಮವಾರದ ಗಂಟೂ ಬಿಚ್ಚಿಕೊಂಡಿತು. ಸೂಜಿ ಎರಡು ದಿನ ಮೊದಲಾದರೆ ತೊಂದರೆಯಿಲ್ಲ, ತಡವಾಗಬಾರದು ಅಷ್ಟೆ ಎಂದು ಆ ನರ್ಸೇ ಹೇಳಿಕೊಟ್ಟರು. ವೈದ್ಯರೂ ಒಪ್ಪಿದರು. ಒಂದು ಸಲ ಸೋಮವಾರದ ಬದಲು ಅದರ ಹಿಂದಿನ ಶನಿವಾರ ಹಾಕಿಸಿಕೊಂಡದ್ದೇ ತಡ, ಮುಂದಿನದೆಲ್ಲ ಶನಿವಾರವೇ ಆಯಿತು. ಅಂದು ಶಾಲೆ ಅರ್ಧ ದಿನ, ತಪ್ಪುವುದು ಎರಡು ಪೀರಿಯಡ್ಡು. ಕರೆದುಕೊಂಡು ಹೋಗಲು ಅಜ್ಜಿ ಇದ್ದಾರೆ. ತಾಯಿಯ ಕೂಲಿ ಮುರಿಯುವುದಿಲ್ಲ.

ಡಿಸೆಂಬರಿನ ಕೊನೆಯ ವಾರ ಹೊಸ ಕ್ಯಾಲೆಂಡರು ಬಂತು. ನಾನು ಹೋದಾಗ ಹುಡುಗಿ ಅದನ್ನು ನೆಲದ ಮೇಲೆ ಹರಡಿಕೊಂಡು, ನೀಲಿ ಪೆನ್ನು ಹಿಡಿದು, ಇಪ್ಪತ್ತೊಂದು ಇಪ್ಪತ್ತೊಂದಾಗಿ ಎಣಿಸುತ್ತ ಇಡೀ ವರ್ಷದ ಸುತ್ತುಗಳನ್ನು ತಾನೇ ಎಳೆಯುತ್ತಿದ್ದಳು. ಹದಿನೇಳು ಸುತ್ತು. ಅದು ಮುಗಿದ ಮೇಲೆ ಪೆಟ್ಟಿಗೆಯಿಂದ ಕೆಂಪು ಪೆನ್ನು ತೆಗೆದಳು. ಜನವರಿಯಲ್ಲಿ ಶಾಲೆಯ ಕ್ರೀಡಾಕೂಟ. ಆ ತಾರೀಖಿನ ಮೇಲೂ ಒಂದು ಸುತ್ತು ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಖೊ’ ಎಂದು ಬರೆದಳು.